ಯಾರ ಕಡೆಯವರು ನೀವು? ಆಸ್ಪತ್ರೆ ಗೇಟಿನ ಮುಂದೆ ಉಪ್ಪಿಟ್ಟು ಹಂಚಲು ಹೋದ ನಮ್ಮ ಕಥೆ

ನನ್ನದು ಮಂಡ್ಯದಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಬೇರೆಯವರ ಅರ್ಜಿ ತುಂಬಿಸಿ ಕೊಡುವುದೇ ಕೆಲಸ. ಪಹಣಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡ್ ತಿದ್ದುಪಡಿ, ವಿಧವಾ ವೇತನ, ಯಾವುದು ಬೇಕು ಹೇಳಿ. ಅಂಥ ನನಗೇ ಒಂದು ಬಾಣಲೆ ಉಪ್ಪಿಟ್ಟು ಹಂಚೋಕೆ ಹೋಗಿ ಮೂರು ತಿಂಗಳು ಬೆವರು ಇಳಿಯಿತು. ಈ ಕೆಲಸ ಮಾಡಬೇಕು ಅಂತ ಇರುವ ಬೇರೆ ಚರ್ಚ್ ಸಭೆಯವರು, ಸಂಘದವರು ನಾವು ಬಿದ್ದ ಗುಂಡಿಯಲ್ಲೇ ಮತ್ತೆ ಬೀಳುವುದು ಬೇಡ ಅಂತ ಇಷ್ಟು ಬರೆಯುತ್ತಿದ್ದೇನೆ.

ನಮ್ಮದು 38 ಮನೆಗಳ ಚಿಕ್ಕ ಕ್ರೈಸ್ತ ಸಭೆ. ಬಾಡಿಗೆ ಹಾಲ್‌ನಲ್ಲಿ ಭಾನುವಾರದ ಆರಾಧನೆ. ಪ್ರತಿ ವರ್ಷ ಕ್ರಿಸ್‌ಮಸ್ ಹತ್ತಿರ ಬಂದಾಗ ಕರಪತ್ರ ಹಂಚುತ್ತೇವೆ, ಅದನ್ನು ಅಚ್ಚು ಹಾಕಿಸುವುದು ನಾನೇ. 2000 ಪ್ರತಿ. ಹೋದ ಆಗಸ್ಟ್‌ನಲ್ಲಿ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರು, ಅಂದರೆ ನಮ್ಮ ಪಾದ್ರಿ, ಈ ಸಲ ಸುವಾರ್ತೆ ಸಾರುವುದಕ್ಕೆ, ಅಂದರೆ ಯೇಸುವಿನ ವಿಷಯ ಜನರಿಗೆ ತಿಳಿಸುವುದಕ್ಕೆ, ಏನು ಮಾಡೋಣ ಅಂತ ಕೇಳಿದರು. ನಾನು ತಡೆಯಲಾರದೆ ಒಂದು ವಿಷಯ ಹೇಳಿಬಿಟ್ಟೆ. ಹಿಂದಿನ ವರ್ಷದ ನಮ್ಮ ಕರಪತ್ರ ಒಂದನ್ನು ನಾನು ಮತ್ತೆ ನೋಡಿದ್ದು ನನ್ನ ಅಂಗಡಿ ಪಕ್ಕದ ಬೋಂಡಾ ಗಾಡಿಯಲ್ಲಿ. ಮೆಣಸಿನಕಾಯಿ ಬಜ್ಜಿಯ ಎಣ್ಣೆ ಕುಡಿದು ಅಕ್ಷರ ಎಲ್ಲ ಕಾಣದ ಹಾಗೆ ಆಗಿತ್ತು. ಕೆಲವರು ನಕ್ಕರು. ಕೆಲವರಿಗೆ ಬೇಜಾರಾಯಿತು.

ಆಗ ನಿವೃತ್ತ ನರ್ಸ್ ಒಬ್ಬರು ಎದ್ದು ನಿಂತರು. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗೆ ತಿಂಡಿ ಬರುತ್ತೆ, ಆದರೆ ರೋಗಿ ಜೊತೆ ರಾತ್ರಿಯೆಲ್ಲ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗಿದವರಿಗೆ ಏನೂ ಇಲ್ಲ, ಎಷ್ಟೋ ಜನ ಮಧ್ಯಾಹ್ನದವರೆಗೆ ಬರೀ ಟೀ ಕುಡಿದು ಕೂರುತ್ತಾರೆ ಅಂದರು. ಅಲ್ಲಿಗೆ ತೀರ್ಮಾನ ಆಯಿತು. ಶನಿವಾರ ಬೆಳಿಗ್ಗೆ ಜೊತೆಗಿರುವವರಿಗೆ ತಿಂಡಿ, ಡಿಸೆಂಬರ್‌ನಲ್ಲಿ ಬೀದಿಯಲ್ಲಿ ಕ್ಯಾರಲ್ ಹಾಡು. ಒಂದು ಕೈಕೆಲಸ, ಒಂದು ಬಾಯಿಕೆಲಸ.

ಅವತ್ತು ರಾತ್ರಿಯೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಇಟಲಿಯ ಹಳೇ ಕಾಲದ ಸಂತ ಅಸ್ಸಿಸಿಯ ಫ್ರಾನ್ಸಿಸರ ಚಿತ್ರ ಹಾಕಿ, ಯಾವಾಗಲೂ ಸುವಾರ್ತೆ ಸಾರಿ, ಅಗತ್ಯ ಬಿದ್ದರೆ ಮಾತ್ರ ಮಾತು ಬಳಸಿ ಅನ್ನುವ ಮಾತು ಕಳಿಸಿದರು. ಚೆನ್ನಾಗಿದೆ. ಆದರೆ ಆ ಮಾತು ಅವರ ಬರಹಗಳಲ್ಲಿ ಎಲ್ಲೂ ಇಲ್ಲ, ಮೇಲಾಗಿ ಅವರು ಊರೂರು ಸುತ್ತಿ ಬಾಯಿ ತುಂಬಾ ಬೋಧನೆ ಮಾಡಿದವರು. ಇದನ್ನು ಸಭಾಪಾಲಕರೇ ಹೇಳಿದ್ದು. ಆಗ ನನಗೆ ಅಷ್ಟು ಮುಖ್ಯ ಅನ್ನಿಸಲಿಲ್ಲ. ಯಾಕೆಂದರೆ ನನಗೂ ಮಾತಾಡದೆ ತಪ್ಪಿಸಿಕೊಂಡರೆ ಸಾಕಾಗಿತ್ತು. ಉಪ್ಪಿಟ್ಟು ಕೊಡುವುದು ಸುಲಭ. ಗುರುತಿಲ್ಲದವರ ಮುಂದೆ ಯೇಸುವಿನ ಹೆಸರು ಹೇಳುವುದು ಇದೆಯಲ್ಲ, ಗಂಟಲು ಒಣಗುತ್ತೆ.

ಸೆಪ್ಟೆಂಬರ್ ಮೊದಲ ವಾರ ಕಾಗದಪತ್ರ ಶುರು ಮಾಡಿದೆ. ಮೊದಲನೆಯದು ಆಹಾರ ಸುರಕ್ಷತೆ ನೋಂದಣಿ. ಪುಕ್ಕಟೆ ಕೊಡುವುದಕ್ಕೆ ನೋಂದಣಿ ಯಾಕೆ ಅಂತ ನಾನೂ ಕೇಳಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಆಹಾರ ಉದ್ಯಮ ಅಂದರೆ ಲಾಭಕ್ಕಿರಲಿ, ಲಾಭಕ್ಕಲ್ಲದಿರಲಿ, ಎರಡೂ ಸೇರುತ್ತೆ. ಇದಕ್ಕಂತಲೇ ಇರುವ ಫಾಸ್ಕಾಸ್ ಅನ್ನುವ ಸರ್ಕಾರಿ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಫೋಟೋ, ಆಧಾರ್, ಅಡುಗೆ ಮಾಡುವ ಜಾಗದ ವಿಳಾಸದ ದಾಖಲೆ ಬೇಕು. ಸಣ್ಣ ಪ್ರಮಾಣದ ನೋಂದಣಿಗೆ ಒಂದು ವರ್ಷಕ್ಕೆ ನಾನು ಕಟ್ಟಿದ್ದು 100 ರೂಪಾಯಿ. ಏಜೆಂಟ್ ಒಬ್ಬರು 2500 ಕೇಳಿದ್ದರು, ದಯವಿಟ್ಟು ಕೊಡಬೇಡಿ. ಕೂತರೆ ಅರ್ಧ ಗಂಟೆ ಕೆಲಸ.

ಅರ್ಧ ಗಂಟೆ ಅಂದೆನಾ? ನನಗೆ ಹಿಡಿದದ್ದು 24 ದಿನ. ಅಡುಗೆ ನಮ್ಮ ಹಾಲ್ ಹಿಂದಿನ ಶೆಡ್‌ನಲ್ಲಿ, ಆದರೆ ಅರ್ಜಿಯಲ್ಲಿ ನಾನು ಹಾಕಿದ್ದು ನನ್ನ ಆಧಾರ್‌ನಲ್ಲಿದ್ದ ಮನೆ ವಿಳಾಸ. ಅರ್ಜಿ ವಾಪಸ್ ಬಂತು. ಹಾಲ್ ಮಾಲೀಕರಿಂದ ಒಪ್ಪಿಗೆ ಪತ್ರ ತರಬೇಕು ಅಂದರು. ಮಾಲೀಕರು ಮಗಳ ಬಾಣಂತನಕ್ಕೆ ಅಂತ ಹಾಸನಕ್ಕೆ ಹೋಗಿದ್ದರು. ಹತ್ತು ದಿನ ಅಲ್ಲೇ ಹೋಯಿತು. ದಿನಾ ಜನರಿಗೆ ವಿಳಾಸ ಸರಿಯಾಗಿ ನೋಡಿ ಸ್ವಾಮಿ ಅಂತ ಬೈಯುವವನು ನಾನೇ. ನಮ್ಮನೆಯವಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಅಂತೂ 14 ಅಂಕಿಯ ನೋಂದಣಿ ಸಂಖ್ಯೆ ಬಂತು. ಅದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಟೇಬಲ್ಲಿಗೆ ಅಂಟಿಸುವುದು ಮರೆಯಬೇಡಿ. ಮುಂದೆ ಇದೇ ನಮ್ಮನ್ನು ಉಳಿಸಿತು.

ಎರಡನೆಯದು ಆಸ್ಪತ್ರೆಯ ಅನುಮತಿ. ಅರ್ಜಿ ಕೊಟ್ಟೆ. ಎರಡು ವಾರ ಬಿಟ್ಟು ಹೋದರೆ ಟಪಾಲಿನಲ್ಲಿ ಸಿಗ್ತಾ ಇಲ್ಲ, ಇನ್ನೊಂದು ಕೊಡಿ ಅಂದರು. ಕೊಟ್ಟೆ. ಅಷ್ಟರಲ್ಲಿ ದಸರಾ ರಜೆ. ಆಮೇಲೆ ಹೋದರೆ ಸಹಿ ಮಾಡುವವರು ಮೀಟಿಂಗಿಗೆ ಬೆಂಗಳೂರಿಗೆ ಹೋಗಿದ್ದಾರೆ. ಮೂರನೇ ಸಲ ಬುದ್ಧಿ ಬಂತು. ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖು ಸಮೇತ ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಇದನ್ನು ಮೊದಲ ದಿನವೇ ಮಾಡಿ. ಸೀಲ್ ಇದ್ದರೆ ಅರ್ಜಿ ಕಳೆದುಹೋಗುವುದಿಲ್ಲ, ಅದು ಹೇಗೋ ಗೊತ್ತಿಲ್ಲ. ಅಡುಗೆ ಮಾಡುವ ನಾಲ್ಕು ಜನರ ಆರೋಗ್ಯ ಪ್ರಮಾಣಪತ್ರವನ್ನೂ ಕೇಳಿದರು. ರಕ್ತ ಪರೀಕ್ಷೆ ಎಲ್ಲ ಸೇರಿ ತಲೆಗೆ 300 ರೂಪಾಯಿ ಆಯಿತು.

ಈ ಕಾಯುವ ದಿನಗಳಲ್ಲಿ ಒಂದು ಭಾನುವಾರ ಹಿರಿಯರೊಬ್ಬರು ನಮ್ಮನ್ನು ಶ್ರೀರಂಗಪಟ್ಟಣದ ಗಂಜಾಂಗೆ ಕರೆದುಕೊಂಡು ಹೋದರು. ಅಲ್ಲಿ ಅಬ್ಬೆ ದ್ಯುಬುವಾ ಅವರ ಹೆಸರಿನ ಹಳೇ ಚರ್ಚ್ ಇದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಕಡೆಯ ಕ್ರೈಸ್ತರನ್ನು ಮತ್ತೆ ಒಟ್ಟು ಮಾಡಲು ಬಂದ ಫ್ರೆಂಚ್ ಪಾದ್ರಿ ಅವರು. ಜನ ದೊಡ್ಡ ಸ್ವಾಮಿಯೋರು ಅಂತಿದ್ದರಂತೆ. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ, 1803-04ರ ಹೊತ್ತಿಗೆ, ಅವರ ಲೆಕ್ಕದಲ್ಲಿ 25,432 ಜನರಿಗೆ ಲಸಿಕೆ ಬಿದ್ದಿತ್ತು. ಅದೇ ಮನುಷ್ಯ ಒಟ್ಟು ಮೂವತ್ತು ವರ್ಷ ಭಾರತದಲ್ಲಿದ್ದು, 1823ರಲ್ಲಿ ವಾಪಸ್ ಹೋಗುವಾಗ, ಬೋಧನೆಯಿಂದ ಇಲ್ಲಿ ಏನೂ ಆಗಲ್ಲ ಅಂತ ಬೇಸರದಲ್ಲಿ ಬರೆದರು. ಲಸಿಕೆ ಹಾಕಿಸಿಕೊಂಡ ಮಕ್ಕಳು ಬದುಕಿದವಲ್ಲ, ಅದು ಲೆಕ್ಕಕ್ಕಿಲ್ಲವಾ ಅಂತ ನಮ್ಮ ಹಿರಿಯರು ಅವರ ಪರವಾಗಿ ಅವರ ಮೇಲೇ ಜಗಳ ಮಾಡುತ್ತಿದ್ದರು. ನನಗೆ ನಮ್ಮಜ್ಜಿ ನೆನಪಾದರು. ಅವರ ಮೊದಲ ಹೆರಿಗೆ ಆದದ್ದು ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ, ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆ. 1906ರಲ್ಲಿ ವೆಸ್ಲಿಯನ್ ಮಿಷನ್‌ನವರು ಹೆಂಗಸರು ಮಕ್ಕಳಿಗೆ ಅಂತ ಶುರು ಮಾಡಿದ್ದು. ಅಜ್ಜಿ ಕೊನೇವರೆಗೂ ಅಲ್ಲಿ ಕೇಳಿದ ಬೋಧನೆ ಒಂದೂ ನೆನಪಿಟ್ಟುಕೊಂಡಿರಲಿಲ್ಲ. ಬಿಸಿನೀರು ಕಾಯಿಸಿ ಕೊಟ್ಟ ನರ್ಸಮ್ಮನ ಹೆಸರು ಮಾತ್ರ ಹೇಳುತ್ತಿದ್ದರು.

ಅನುಮತಿ ಪತ್ರ ಅಕ್ಟೋಬರ್ 28ಕ್ಕೆ ಸಿಕ್ಕಿತು. ಷರತ್ತುಗಳು ಹೀಗೆ. ಗೇಟಿನ ಒಳಗೆ ಬರುವಂತಿಲ್ಲ, ಆಟೋ ನಿಲ್ದಾಣದ ಪಕ್ಕ ಟೇಬಲ್ ಹಾಕಬಹುದು. 7ರಿಂದ 8.30. ಬ್ಯಾನರ್ ಇಲ್ಲ, ಮೈಕ್ ಇಲ್ಲ, ಜಾಗ ಗುಡಿಸಿ ಹೋಗಬೇಕು. ಕೊನೆಯದು, ಕರಪತ್ರ ಹಂಚತಕ್ಕದ್ದಲ್ಲ, ಧರ್ಮ ಪ್ರಚಾರ ಮಾಡತಕ್ಕದ್ದಲ್ಲ.

ಈ ಕೊನೆಯ ಸಾಲಿನ ಮೇಲೆ ನಮ್ಮ ಸಭೆಯಲ್ಲಿ ಎರಡು ಗಂಟೆ ಜಗಳ ಆಯಿತು. ಯೇಸುವಿನ ಹೆಸರು ಹೇಳದೆ ಕೊಟ್ಟರೆ ಅದು ಯಾವುದೋ ಕ್ಲಬ್ಬಿನ ಸಮಾಜಸೇವೆ, ಸುವಾರ್ತೆ ಎಲ್ಲಿ ಬಂತು ಅಂತ ಯುವಕರು. ತಿಂಡಿ ತಟ್ಟೆ ಜೊತೆ ಚೀಟಿ ಕೊಟ್ಟರೆ ತಿಂಡಿಗೆ ಬೆಲೆ ಹಚ್ಚಿದ ಹಾಗೆ ಅಂತ ಹಿರಿಯರು. ಪರಿಚಯದ ವಕೀಲರೊಬ್ಬರನ್ನು ಕರೆಸಿ ಕೇಳಿದೆವು. ಅವರು ಹೇಳಿದ್ದನ್ನು ಇಲ್ಲಿ ಹಾಕುತ್ತೇನೆ, ಉಪಯೋಗಕ್ಕೆ ಬರಬಹುದು. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮ ಪಾಲಿಸುವ ಜೊತೆಗೆ ಪ್ರಚಾರ ಮಾಡುವ ಹಕ್ಕೂ ಇದೆ, ಆದರೆ ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ತನ್ನ ನಂಬಿಕೆಯ ವಿಷಯ ತಿಳಿಸುವ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಂತ ಬೇರೆ ಇಲ್ಲ ಅಂತ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾನೂನಿನಲ್ಲಿ ಆಮಿಷ ಅನ್ನುವ ಪದಕ್ಕೆ ಉಡುಗೊರೆ, ಹಣ, ವಸ್ತು ರೂಪದ ಲಾಭ ಎಲ್ಲ ಸೇರುತ್ತೆ. ಆ ಕಾನೂನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿದ್ದನ್ನು ಪೇಪರಿನಲ್ಲಿ ಎಲ್ಲರೂ ಓದಿದ್ದೇವೆ, ಆದರೆ ನೀವು ಕೆಲಸ ಶುರು ಮಾಡುವ ದಿನ ಏನು ಸ್ಥಿತಿ ಇದೆ ಅಂತ ನಿಮ್ಮ ವಕೀಲರನ್ನೇ ಕೇಳಿ. ನಮ್ಮ ವಕೀಲರ ಸಲಹೆ ಒಂದೇ ಸಾಲು. ತಿಂಡಿ ಒಂದು ಕಡೆ, ಬೋಧನೆ ಇನ್ನೊಂದು ಕಡೆ, ಎರಡೂ ಒಂದೇ ಟೇಬಲ್ ಮೇಲೆ ಬೇಡ.

ಸಭಾಪಾಲಕರು ಜಗಳ ಮುಗಿಸಿದ್ದು ಬೈಬಲ್‌ನಲ್ಲಿರುವ ಪೇತ್ರನ ಪತ್ರಿಕೆ ಹಿಡಿದು. ಕೇಳಿದವರಿಗೆ ಉತ್ತರ ಕೊಡುವುದಕ್ಕೆ ತಯಾರಾಗಿರಿ, ಅದೂ ವಿನಯದಿಂದ ಅಂತ ಅಲ್ಲಿದೆ. ಕೇಳಿದವರಿಗೆ ಅಂತ ಇದೆ ನೋಡಿ ಅಂದರು. ಹಾಗಾಗಿ ಉತ್ತರ ಕೊಡುವುದನ್ನು ಕಲಿಯಲು ಗುರುವಾರ ಸಂಜೆ ತರಗತಿ ಇಟ್ಟರು.

ಅದೊಂದು ತಮಾಷೆ. ಒಬ್ಬೊಬ್ಬರೂ ಮೂರು ನಿಮಿಷದಲ್ಲಿ ತಮ್ಮ ಸಾಕ್ಷಿ, ಅಂದರೆ ತಮ್ಮ ನಂಬಿಕೆಯ ಕಥೆ, ಹೇಳಬೇಕು. ಕೇಳುವುದಕ್ಕೆ ಸಭಾಪಾಲಕರ ಪಕ್ಕದ ಮನೆಯ ಅಜ್ಜ ಬಂದು ಕೂರುತ್ತಿದ್ದರು. ಅವರು ಚರ್ಚ್ ಮೆಟ್ಟಿಲು ಹತ್ತಿದವರಲ್ಲ, ಹಾಲಿನ ಡೇರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅವರಿಗೆ ಅರ್ಥವಾಗದ ಪದ ಬಂದರೆ ಕೈ ಎತ್ತಬೇಕು. ನಾನು ಎದ್ದು, ನನಗೆ ಪಾಪದಿಂದ ವಿಮೋಚನೆಯೂ ರಕ್ಷಣೆಯೂ ಲಭಿಸಿ ಅಂತ ಶುರು ಮಾಡಿದೆ. ಕೈ ಎದ್ದಿತು. ವಿಮೋಚನೆ ಅಂದ್ರೆ ಬಸುರಿ ಹೆಂಗಸಿಗಾ? ಅಂದರು. ರಕ್ಷಣೆ ಅಂದರೆ ಪೊಲೀಸರದ್ದು. ಸುವಾರ್ತೆ ಅಂದರೆ? ಬೆಳಿಗ್ಗೆ ರೇಡಿಯೋದಲ್ಲಿ ಬರುತ್ತಲ್ಲ ವಾರ್ತೆ, ಅದಾ? ಎಲ್ಲರೂ ನಕ್ಕೆವು. ಆದರೆ ಅಜ್ಜ ಹೇಳಿದ್ದು ಸರೀನೇ ಇತ್ತು. ಒಳ್ಳೇ ಸುದ್ದಿ ಅನ್ನುವುದೇ ಆ ಪದದ ಅರ್ಥ. ಕಥೋಲಿಕರು ಶುಭಸಂದೇಶ ಅನ್ನುತ್ತಾರೆ, ನಾವು ಸುವಾರ್ತೆ ಅನ್ನುತ್ತೇವೆ, ಬೀದಿಯಲ್ಲಿ ಹೋಗುವವರಿಗೆ ಎರಡೂ ಮದುವೆ ಕಾಗದದ ಕನ್ನಡ. ನಾವು ತಲೆತಲಾಂತರದಿಂದ ಹಳೇ ಬೈಬಲ್ ಕನ್ನಡದಲ್ಲೇ ಪ್ರಾರ್ಥನೆ ಮಾಡಿ ಮಾಡಿ, ಮನೆಯಲ್ಲಿ ಮುದ್ದೆ ಕೇಳುವ ಭಾಷೆಯಲ್ಲಿ ದೇವರ ವಿಷಯ ಹೇಳುವುದು ಮರೆತೇ ಹೋಗಿದೆ. ಆರು ಗುರುವಾರ ಆದರೂ ನನ್ನ ಮೂರು ನಿಮಿಷಕ್ಕೆ ಅಜ್ಜನ ಕೈ ಏಳದ ದಿನ ಬರಲಿಲ್ಲ.

ನವೆಂಬರ್ ಮೊದಲ ಶನಿವಾರ. ಬೆಳಗಿನ ಜಾವ 4ಕ್ಕೆ ಎದ್ದು ಅಡುಗೆ. ಮೆನು ತೀರ್ಮಾನ ಮಾಡಿದ್ದು ನಮ್ಮಲ್ಲಿರುವ ಉಡುಪಿ ಕಡೆಯ ಕುಟುಂಬದವರು. ಕುಚ್ಚಲಕ್ಕಿ ಗಂಜಿ, ಜೊತೆಗೆ ಉಪ್ಪಿನಕಾಯಿ, ಹುರುಳಿ ಚಟ್ನಿ. ಹೊಟ್ಟೆಗೆ ತಂಪು, ಖರ್ಚೂ ಕಡಿಮೆ. 60 ಬಟ್ಟಲು ಇಟ್ಟುಕೊಂಡು ನಿಂತೆವು. ಹೋದದ್ದು 11. ಒಬ್ಬ ಯಜಮಾನರು ಪಾತ್ರೆ ಒಳಗೆ ಬಗ್ಗಿ ನೋಡಿ, ಗಂಜಿ ಕಾಯ್ಲೆ ಬಿದ್ದೋರಿಗೆ ಕಣಣ್ಣ, ನಾನು ಚೆನ್ನಾಗೇ ಇವ್ನಿ, ಒಳಗೆ ಮಲಗವ್ನಲ್ಲ ನನ್ ತಮ್ಮ, ಅವ್ನಿಗೆ ಕೊಡಿ ಅಂದರು. ಮಂಡ್ಯದಲ್ಲಿ ಗಂಜಿ ಹಂಚಲು ಹೊರಟ ನಮ್ಮ ಬುದ್ಧಿಗೆ ಏನು ಹೇಳೋಣ. ಉಳಿದ ಗಂಜಿಯನ್ನು ಎರಡು ದಿನ ನಾವೇ ಕುಡಿದೆವು.

ಎರಡನೇ ಶನಿವಾರ ಉಪ್ಪಿಟ್ಟು. ಇದಕ್ಕೆ ಜನ ನಿಂತರು. ಆದರೆ ಅರ್ಧ ಗಂಟೆಯಲ್ಲಿ ಆರೋಗ್ಯ ನಿರೀಕ್ಷಕರು ಬಂದು ನಮ್ಮ ತಟ್ಟೆ ಕಟ್ಟನ್ನೇ ಎತ್ತಿಕೊಂಡು ಹೋದರು. ಪ್ಲಾಸ್ಟಿಕ್ ಲೇಪ ಇರುವ ಪೇಪರ್ ತಟ್ಟೆ, ನಿಷೇಧ ಇದೆ. ತಪ್ಪು ನಮ್ಮದೇ. ಆಮೇಲೆ ಮುತ್ತುಗದ ಎಲೆಗೆ ಬದಲಾಯಿಸಿದೆವು, ತಟ್ಟೆಗೆ 3 ರೂಪಾಯಿ. ಅವತ್ತೇ ಇನ್ನೊಂದು ತಪ್ಪೂ ಆಯಿತು, ನನಗೆ ಗೊತ್ತಾದದ್ದು ವಾರ ಬಿಟ್ಟು. ನಮ್ಮ ಹುಡುಗನೊಬ್ಬ ಉತ್ಸಾಹ ತಡೆಯದೆ ಜೇಬಿನಲ್ಲಿದ್ದ ಎರಡು ಕರಪತ್ರ ಕೊಟ್ಟಿದ್ದ.

ಮೂರನೇ ಶನಿವಾರ ಯಾರೋ ಒಬ್ಬರು ದೂರ ನಿಂತು ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ನಾಲ್ಕು ಗುಂಪು ಸುತ್ತಿ ನನ್ನ ಅಂಗಡಿಗೆ ಬರುವ ಗಿರಾಕಿಯ ಫೋನಿಗೇ ಬಂತು. ಉಪ್ಪಿಟ್ಟು ಕೊಟ್ಟು ಮತಾಂತರ ಅಂತ ಮೇಲೆ ಬರೆದಿತ್ತು. ಅಣ್ಣ, ಇದ್ರಲ್ಲಿ ನೀವೇ ಅಲ್ವಾ? ಅಂತ ಅವರೇ ತೋರಿಸಿದರು. ಕೈಕಾಲು ತಣ್ಣಗಾಯಿತು. ಸಂಜೆ ಠಾಣೆಯಿಂದ ಫೋನ್.

ಠಾಣೆಯ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತೆವು, ನಾನು, ಸಭಾಪಾಲಕರು, ನಮ್ಮ ನಿವೃತ್ತ ನರ್ಸಮ್ಮ. ಬೈಗುಳ ಏನೂ ಇಲ್ಲ, ಸುಮ್ನೆ ಕಾಯುವುದು. ಕಾಯುವಾಗ ತಲೆಯಲ್ಲಿ ಏನೇನೋ ಓಡುತ್ತೆ. ಅಂಗಡಿ ಮುಚ್ಚಿಸಿದರೆ? ಮಗಳ ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರೆ? ಕೊನೆಗೆ ಕರೆದರು. ನಾನು ಫೈಲ್ ತೆಗೆದೆ. ನೋಂದಣಿ, ಅನುಮತಿ ಪತ್ರ, ಆರೋಗ್ಯ ಪ್ರಮಾಣಪತ್ರ, ಪ್ರತಿ ಶನಿವಾರದ ಖರ್ಚಿನ ರಸೀದಿ, ಎಲ್ಲವೂ ಪ್ಲಾಸ್ಟಿಕ್ ಕವರ್‌ನಲ್ಲಿ ತಾರೀಖು ಪ್ರಕಾರ. ಒಂದೊಂದೇ ತಿರುಗಿಸಿ ನೋಡಿದರು. ಪುಸ್ತಕ, ಚೀಟಿ ಏನಾದ್ರೂ ಕೊಟ್ರಾ? ಅಂತ ಕೇಳಿದರು. ಇಲ್ಲ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ, ಹೌದು ಸಾರ್, ಹೋದ ವಾರ ನಮ್ಮ ಹುಡುಗ ಎರಡು ಚೀಟಿ ಕೊಟ್ಟಿದ್ದಾನೆ, ಷರತ್ತು ಮೀರಿದ್ದು ತಪ್ಪು, ಮತ್ತೆ ಆಗಲ್ಲ ಅಂದುಬಿಟ್ಟರು. ನನಗೆ ಈ ವಿಷಯ ಗೊತ್ತಾಗಿದ್ದೇ ಆವಾಗ. ನೆಲ ಬಿರಿಯಬಾರದಾ ಅನ್ನಿಸಿತು. ಅಧಿಕಾರಿ ಸ್ವಲ್ಪ ಹೊತ್ತು ಅವರನ್ನೇ ನೋಡಿದರು. ಹೇಳಿಕೆ ಬರೆಸಿಕೊಂಡರು, ಎರಡು ಚೀಟಿಯ ವಿಷಯವೂ ಸೇರಿ. ಮುಂದಿನ ವಾರದಿಂದ ಎಷ್ಟು ಜನಕ್ಕೆ ಕೊಡ್ತೀರಿ ಅಂತ ಮೊದಲೇ ಒಂದು ಮೆಸೇಜ್ ಹಾಕಿ ಅಂದರು. ಅಷ್ಟೇ. ಹೊರಗೆ ಬಂದು ನರ್ಸಮ್ಮನ ಮೇಲೆ ರೇಗಿದೆ. ಯೇಸು ಸ್ವಾಮಿ ಹೆಸರಲ್ಲಿ ಕೊಟ್ಟ ಉಪ್ಪಿಟ್ಟಿಗೆ ಸುಳ್ಳು ಹೇಳ್ತೀಯಾ ಅಂತ ಅವರೇ ನನಗೆ ತಿರುಗಿಸಿ ರೇಗಿದರು. ಮಾತು ನಿಂತು ಹೋಯಿತು.

ಆ ಹುಡುಗ ಒಂದು ವಾರ ಮುಖ ತೋರಿಸಲಿಲ್ಲ. ಆಮೇಲೆ ಬಂದ, ಪಾತ್ರೆ ತೊಳೆಯುವ ಕೆಲಸ ತಾನೇ ಹಿಡಿದ.

ಡಿಸೆಂಬರ್ ಮೊದಲ ಶನಿವಾರ ಚಳಿ ಜಾಸ್ತಿ ಇತ್ತು. ಉಪ್ಪಿಟ್ಟಿನ ಹಬೆಗೆ ಜನ ಕೈ ಕಾಯಿಸಿಕೊಳ್ಳುತ್ತಿದ್ದರು. ಕೆ.ಆರ್. ಪೇಟೆ ಕಡೆಯ ಒಬ್ಬ ಹೆಂಗಸು, ಅತ್ತೆಗೆ ಸೊಂಟದ ಮೂಳೆ ಮುರಿದು ಹತ್ತು ದಿನದಿಂದ ಅಲ್ಲೇ ಇದ್ದರು. ಹಿಂದಿನ ವಾರವೂ ಬಂದಿದ್ದರು. ತಟ್ಟೆ ತಗೊಂಡು ಹೋಗದೆ ಟೇಬಲ್ ಪಕ್ಕ ನಿಂತೇ ತಿನ್ನುತ್ತಾ, ಇದ್ದಕ್ಕಿದ್ದಂತೆ ಕೇಳಿದರು.

"ಯಾರ ಕಡೆಯವರು ನೀವು?"

ಆರು ಗುರುವಾರದ ಪಾಠ ಒಂದೂ ಬಾಯಿಗೆ ಬರಲಿಲ್ಲ. ಯೇಸು ಸ್ವಾಮಿ ಕಡೆಯವರು ಅಂತ ಬಂದುಬಿಟ್ಟಿತು.

"ಓ ಹಂಗಾ. ನಾನು ಎಲೆಕ್ಷನ್ ಹತ್ರ ಬಂತೇನೋ ಅಂದ್ಕಂಡೆ" ಅಂದರು. ಇನ್ನೂ ಎರಡು ತುತ್ತು ತಿಂದು, "ಆವಯ್ಯ ತಿಂಡಿ ಕೊಡಿ ಅಂದವ್ರಾ?" ಅಂದರು.

ಹಿಂದೆ ಮುಂದೆ ನೋಡಿದೆ. ಷರತ್ತು ನೆನಪಾಯಿತು, ಠಾಣೆಯ ಬೆಂಚೂ ನೆನಪಾಯಿತು. ಆದರೆ ಕೇಳಿದ್ದು ಅವರು. ನಾನು ಟೇಬಲ್ ಬಿಟ್ಟು ಆಟೋ ನಿಲ್ದಾಣದ ಆಚೆ ಹುಣಸೆ ಮರದ ಹತ್ತಿರ ಹೋದೆ. ಅವರು ತಟ್ಟೆ ಹಿಡಿದುಕೊಂಡು ಬಂದರು. ಹೇಳಿದೆ. ಯೇಸು ಸ್ವಾಮಿಯನ್ನು ಕೊಂದಿದ್ದರು, ಮತ್ತೆ ಎದ್ದು ಬಂದರು. ಬಂದ ಮೇಲೆ ಅವರ ಸ್ನೇಹಿತರು ಇನ್ನೂ ಹೆದರಿಕೊಂಡು, ಏನು ಮಾಡಬೇಕು ಗೊತ್ತಾಗದೆ ಹಳೇ ಕಸುಬಿಗೆ, ಮೀನು ಹಿಡಿಯಲು ಕೆರೆಗೆ ಹೋದರು. ರಾತ್ರಿಯೆಲ್ಲ ಬಲೆ ಹಾಕಿದರೂ ಒಂದು ಮೀನೂ ಇಲ್ಲ. ಬೆಳಕು ಹರಿಯುವಾಗ ದಡದಲ್ಲಿ ಯಾರೋ ನಿಂತಿದ್ದಾರೆ. ಬಲಗಡೆಗೆ ಬಲೆ ಹಾಕಿ ಅಂದರು. ಹಾಕಿದರೆ ಬಲೆ ಎಳೆಯಲಾಗದಷ್ಟು ಮೀನು. ದಡಕ್ಕೆ ಬಂದು ನೋಡಿದರೆ ಅವರೇ. ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯ್ತಾ ಇದ್ದರು. ಬನ್ನಿ, ತಿಂಡಿ ತಿನ್ನಿ ಅಂದರು.

"ಬೈಲಿಲ್ವಾ?" ಅಂದರು.

"ಯಾಕೆ?"

"ಕಷ್ಟದಲ್ಲಿ ಬಿಟ್ಟು ಓಡೋಗಿದ್ರಲ್ಲ ಅವ್ರು."

ನಾನು ಆ ಭಾಗ ಹೇಳೇ ಇರಲಿಲ್ಲ. ಎಲ್ಲೋ ಕೇಳಿದ್ದರೋ, ಊಹೆ ಮಾಡಿದರೋ. ಇಲ್ಲ, ಬೈಲಿಲ್ಲ, ಮೊದಲು ತಿನ್ನಲು ಕೊಟ್ಟರು ಅಂದೆ. ಎಷ್ಟು ಮೀನು ಸಿಕ್ತು ಅಂತ ಕೇಳಿದರು. 153 ಅಂದೆ. ಎಣಿಸವ್ರೆ ನೋಡು ಅಂತ ನಕ್ಕರು. ಎಲೆ ಮಡಚಿ ಡಬ್ಬಕ್ಕೆ ಹಾಕಿ, ಅತ್ತೆಗೆ ಡಬ್ಬಿಯಲ್ಲಿ ಉಪ್ಪಿಟ್ಟು ತುಂಬಿಸಿಕೊಂಡು ಹೋದರು. ಒಟ್ಟು ನಾಲ್ಕು ನಿಮಿಷ. ಅಜ್ಜ ಇದ್ದಿದ್ದರೆ ಒಂದು ಸಲವೂ ಕೈ ಎತ್ತುತ್ತಿರಲಿಲ್ಲ. ನಾನು ಅಷ್ಟು ವರ್ಷದಿಂದ ಚರ್ಚ್‌ಗೆ ಹೋಗುತ್ತಿದ್ದೇನೆ, ಆ ಕಥೆಯಲ್ಲಿ ಯೇಸು ಮಾಡಿದ್ದು ತಿಂಡಿ ಅನ್ನುವುದು ನನಗೂ ಅವತ್ತೇ ಕಣ್ಣಿಗೆ ಬಿದ್ದದ್ದು.

ಕ್ಯಾರಲ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೈಕ್ ಬೇಕಾದರೆ ಪೊಲೀಸ್ ಅನುಮತಿ ಬೇಕು, ಕನಿಷ್ಠ ಎರಡು ವಾರ ಮೊದಲೇ ಅರ್ಜಿ ಹಾಕಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ, ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಮ್ಮ ಅನುಮತಿ 23ರ ಸಂಜೆವರೆಗೂ ಬರಲಿಲ್ಲ, ಮೈಕ್‌ನವರಿಗೆ ಕೊಟ್ಟ 1500 ಮುಂಗಡ ಹೋಯಿತು. ಕೊನೆಗೆ ಮೈಕ್ ಇಲ್ಲದೆ, ಒಂದು ಗಿಟಾರು ಒಂದು ತಮಟೆ ಹಿಡಿದು ನಮ್ಮ ನಮ್ಮ ಮನೆಗಳ ಬೀದಿಯಲ್ಲೇ ಹಾಡಿದೆವು. ತಮಟೆಗೆ ಮಕ್ಕಳು ಸೇರಿದರು. ಒಬ್ಬರ ಮನೆಯವರು ಕೇಕ್‌ಗೆ ಬದಲಾಗಿ ನಮಗೇ ಕಜ್ಜಾಯ ಕೊಟ್ಟರು. ಮೈಕ್ ಇಲ್ಲದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ, ಯುವಕರು ಒಪ್ಪುವುದಿಲ್ಲ.

ಖರ್ಚು ಕೇಳುವವರಿಗೆ. 70 ತಟ್ಟೆ ಉಪ್ಪಿಟ್ಟಿಗೆ ನಮಗೆ 6 ಕೆಜಿ ರವೆ ಬೇಕಾಗುತ್ತೆ. ಎಣ್ಣೆ, ಈರುಳ್ಳಿ, ತರಕಾರಿ, ಗ್ಯಾಸ್, ಎಲೆ ಎಲ್ಲ ಸೇರಿ ಶನಿವಾರಕ್ಕೆ ಸುಮಾರು 1000, ಆಟೋಗೆ 200. ಹಳೇ ಬಾಣಲೆ, ಟೇಬಲ್‌ಗೆ ಒಂದೇ ಸಲ 4300 ಆಯಿತು. ದುಡ್ಡಿಗಿಂತ ಕಷ್ಟ ಬೆಳಗಿನ ಜಾವ 4ಕ್ಕೆ ಏಳುವ ಜನ ಸಿಗುವುದು. ಹೆಸರು ಬರೆಸಿದವರು 22, ಬರುವವರು 7. ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಇನ್ನೊಂದು, ಕ್ಯಾಮೆರಾ ಬೇಡ. ತಿನ್ನುವವರ ಫೋಟೋ ತೆಗೆದು ಸ್ಟೇಟಸ್ ಹಾಕುವ ಆಸೆ ನಮ್ಮವರಿಗೂ ಬಂತು. ಹಿಂದಿನ ದಿನದ ಸೀರೆಯಲ್ಲೇ, ತಲೆ ಬಾಚದೆ, ನಿದ್ದೆ ಇಲ್ಲದೆ ನಿಂತವರ ಫೋಟೋ ಅದು. ನಿಮ್ಮ ಅಮ್ಮನದ್ದಾದರೆ ಹಾಕ್ತೀರಾ ಅಂತ ನರ್ಸಮ್ಮ ಕೇಳಿದ ಮೇಲೆ ನಿಂತಿತು.

ಜನವರಿ ಎರಡನೇ ವಾರ, ಶುಕ್ರವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಆ ಕೆ.ಆರ್. ಪೇಟೆ ಹೆಂಗಸು ಬಂದರು. ಅತ್ತೆ ಮನೆಗೆ ಹೋಗಿದ್ದಾರೆ, ಕೋಲು ಹಿಡಿದು ಓಡಾಡುತ್ತಾರೆ, ಇವತ್ತು ಚೀಟಿ ತೋರಿಸಲು ಬಂದಿದ್ದು ಅಂದರು. ಆಟೋದವರನ್ನು ಕೇಳಿ ಅಂಗಡಿ ಹುಡುಕಿದ್ದರು. ಕೈಯಲ್ಲಿ ಒಂದು ರಸಗೊಬ್ಬರದ ಚೀಲ, ತುಂಬಾ ಸೊಗಡಿನ ಅವರೆಕಾಯಿ. "ನಾಳೆ ಉಪ್ಪಿಟ್ಗೆ ಹಾಕಿ. ಬರೀ ಈರುಳ್ಳಿ ಹಾಕಿ ಹಾಕಿ ಸಪ್ಪೆ ಮಾಡಿದ್ರಿ" ಅಂದರು. ಬಸ್ಸಿಗೆ ಹೊತ್ತಾಯಿತು ಅಂತ ನೀರೂ ಕುಡಿಯದೆ ಹೊರಟರು.

ಅವತ್ತು ರಾತ್ರಿ ಹಾಲ್‌ನಲ್ಲಿ ಹನ್ನೊಂದು ಗಂಟೆವರೆಗೆ ಕೂತು ಬಿಡಿಸಿದೆವು. ಕರಪತ್ರದ ಹುಡುಗನೂ ಇದ್ದ, ಡೇರಿ ಅಜ್ಜನೂ ಬಂದಿದ್ದರು, ಅವರಷ್ಟು ಬೇಗ ಯಾರಿಗೂ ಬಿಡಿಸಲು ಬರಲಿಲ್ಲ. ಬೆರಳ ತುದಿಯೆಲ್ಲ ಸೊಗಡು. ಶನಿವಾರ 8.10ಕ್ಕೆ ಬಾಣಲೆ ಖಾಲಿ, ನಮಗೆ ಒಂದು ತುತ್ತೂ ಸಿಗಲಿಲ್ಲ.